ಮಾರ್ಥಳ ಪರವಾಗಿ ಒಂದು ಪ್ರಸಂಗ

ಭಾನುವಾರ, 20 ಜುಲೈ 2025
ಆಟರ್ ಟೇಲ್ ಕೌಂಟಿ, ಮಿನ್ನೆಸೋಟಾ, ಅಮೆರಿಕ

ಇವತ್ತಿನ ಪಾಠ ಲೂಕನ ಸುವಾರ್ತೆ 10ನೇ ಅಧ್ಯಾಯದ ಕೊನೆಯ ಭಾಗ. ಯೇಸುಸ್ವಾಮಿ ಮಾರ್ಥಳ ಮನೆಗೆ ಬರುತ್ತಾರೆ. ತಂಗಿ ಮರಿಯ ಅವರ ಪಾದದ ಹತ್ತಿರ ಕೂತು ಮಾತು ಕೇಳುತ್ತಾಳೆ. ಮಾರ್ಥ ಒಬ್ಬಳೇ ಒಳಗೆ ಕೆಲಸದಲ್ಲಿ ಒದ್ದಾಡುತ್ತಾಳೆ. ತಂಗಿಗೆ ಸ್ವಲ್ಪ ಕೈ ಹಚ್ಚಲು ಹೇಳಿ ಅಂತ ದೂರಿದರೆ, ಮರಿಯ ಒಳ್ಳೆಯ ಭಾಗವನ್ನೇ ಆರಿಸಿಕೊಂಡಿದ್ದಾಳೆ ಅನ್ನುತ್ತಾರೆ ಯೇಸುಸ್ವಾಮಿ. ಚರ್ಚಿನಲ್ಲಿ ಪ್ರಸಂಗ, ಅಂದರೆ ಉಪದೇಶ, ಮಾಡುವ ಸರದಿ ನನ್ನದಿತ್ತು. ಬೆಟಗೇರಿಯ ನಮ್ಮ ಚರ್ಚಿನಲ್ಲಿ ಚಿಕ್ಕಂದಿನಿಂದ ಈ ಪಾಠದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಹೆಚ್ಚಿನವರು ಮಾರ್ಥಳನ್ನು ಬೈದೇ ಮುಗಿಸುತ್ತಿದ್ದರು. ಆ ಬೈಗುಳ ನನಗೆ ಯಾವತ್ತೂ ಒಪ್ಪಿಗೆಯಾಗಿರಲಿಲ್ಲ. ಈ ವಾರವಂತೂ ಆಗುವ ಹಾಗೇ ಇರಲಿಲ್ಲ.

ಯಾಕಂದ್ರೆ ಶುಕ್ರವಾರ ಇಲ್ಲಿನ ಲೂಥರನ್ (ಮಾರ್ಟಿನ್ ಲೂಥರ್ ಹಾದಿಯ ಪ್ರಾಟೆಸ್ಟಂಟ್) ಚರ್ಚಿನಲ್ಲಿ ಒಂದು ಅಂತ್ಯಕ್ರಿಯೆ ಇತ್ತು. ತೀರಿಕೊಂಡವರು ಸಭೆಯ (ಚರ್ಚಿಗೆ ಸೇರಿದವರ ಬಳಗದ) ಹಿರಿಯ ಹೆಣ್ಣುಮಗಳು, ತುಂಬಾ ವರ್ಷ ಇದೇ ಚರ್ಚಿನ ಅಡುಗೆಮನೆ ನಡೆಸಿದವರು. ಇಲ್ಲಿನ ಪದ್ಧತಿ ಹೀಗಿದೆ: ಆರಾಧನೆ ಮುಗಿಸಿ, ಸಮಾಧಿ ಮಾಡಿ ಬಂದ ಮೇಲೆ ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂರುತ್ತಾರೆ. ಬನ್ನಿನೊಳಗೆ ಹ್ಯಾಮ್, ಹಾಟ್‌ಡಿಶ್ (ಮಾಂಸ, ತರಕಾರಿ ಸೇರಿಸಿ ಓವನ್ನಿನಲ್ಲಿ ಬೇಯಿಸಿದ ಅಡುಗೆ), ಜೆಲ್ಲಿ ಹಾಕಿದ ಸಲಾಡ್, ಬರ್ಫಿ ಥರ ಚೌಕಕ್ಕೆ ಕತ್ತರಿಸಿದ ಸಿಹಿ 'ಬಾರ್'ಗಳು, ಕಾಫಿ. ಹೆಂಗಸರು 'ಸರ್ಕಲ್' ಅಂತ ಸಣ್ಣ ಗುಂಪು ಮಾಡಿಕೊಂಡಿದ್ದಾರೆ. ಗುಂಪುಗಳಿಗೆ ರೂತ್, ಲಿಡಿಯ ಅಂತ ಬೈಬಲ್ಲಿನ ಹೆಂಗಸರ ಹೆಸರು. ಯಾರಾದರೂ ತೀರಿಕೊಂಡರೆ ಸರದಿ ಇರುವ ಗುಂಪು ಬಂದು ಅಡುಗೆ ನೋಡಿಕೊಳ್ಳಬೇಕು. ಈಗ ಆ ಗುಂಪುಗಳಲ್ಲಿ ಉಳಿದವರು ಕಮ್ಮಿ. ಎಪ್ಪತ್ತು ದಾಟಿದವರೇ ಜಾಸ್ತಿ.

ನಾನೂ ಬೆಳಿಗ್ಗೆಯಿಂದ ಅಡುಗೆಮನೆಯಲ್ಲೇ ಇದ್ದೆ. ಮೊಟ್ಟೆ ಕಾಫಿ ಮಾಡುವುದನ್ನು ಅಲ್ಲೇ ಕಲಿತೆ. ಕಾಫಿ ಪುಡಿಗೆ ಹಸಿ ಮೊಟ್ಟೆ ಒಡೆದು, ಚಿಪ್ಪು ಸಮೇತ ಕಲಸಿ, ಕುದಿಯುವ ನೀರಿಗೆ ಹಾಕುತ್ತಾರೆ. ಮೊಟ್ಟೆ ಬೇಯುತ್ತಾ ಪುಡಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಮೇಲೆ ತಣ್ಣೀರು ಸುರಿದರೆ ಅದು ತಳಕ್ಕೆ ಇಳಿಯುತ್ತದೆ. ಸಿಗುವ ಕಾಫಿ ತಿಳಿಯಾಗಿರುತ್ತದೆ, ಕಹಿಯೂ ಇರುವುದಿಲ್ಲ. ನಾರ್ವೆ, ಸ್ವೀಡನ್ ಕಡೆಯಿಂದ ಬಂದವರ ಚರ್ಚುಗಳಲ್ಲಿ ಇದು ದೊಡ್ಡ ಹಂಡೆಗಳಲ್ಲಿ ಆಗುತ್ತದೆ.

ಅಡುಗೆಮನೆಯ ಗೋಡೆಗೆ ಒಂದು ಸ್ಪೀಕರ್ ಹಾಕಿದ್ದಾರೆ. ಮೇಲಿನ ಆರಾಧನೆ ಅದರಲ್ಲಿ ಕೇಳುತ್ತದೆ. ಗೀತೆ ಶುರುವಾದಾಗ ಹೆಂಗಸರೆಲ್ಲ ಕೆಲಸ ನಿಲ್ಲಿಸದೆಯೇ ಹಾಡಿದರು. ತಮ್ಮ ಜೊತೆಯಲ್ಲಿ ಇಷ್ಟು ವರ್ಷ ಪಾತ್ರೆ ತೊಳೆದ ಗೆಳತಿಯ ಅಂತ್ಯಕ್ರಿಯೆಯನ್ನು ಅವರು ನೆಲಮಾಳಿಗೆಯಲ್ಲಿ ನಿಂತು, ಸ್ಪೀಕರಿನಲ್ಲಿ ಕೇಳಿದರು. ನನಗೆ ತಡೆಯಲಿಕ್ಕೆ ಆಗಲಿಲ್ಲ. ಮೊದಲೇ ಬರೆದಿಟ್ಟಿದ್ದ ಪ್ರಸಂಗ ಬದಿಗಿಟ್ಟು ಅವತ್ತು ರಾತ್ರಿ ಹೊಸದು ಬರೆದೆ.

ಈ ಬೇಸಿಗೆ ಪೂರ್ತಿ ಇಂಥ ಓಡಾಟವೇ. ಮಂಗಳೂರಿನ ಬಲ್ಮಠದಲ್ಲಿ ಬಿ.ಡಿ. (ದೇವಶಾಸ್ತ್ರದ ಪದವಿ) ಮುಗಿಸಿ, ಮುಂದಿನ ಓದಿಗೆ ಇದೇ ರಾಜ್ಯದ ಸೇಂಟ್ ಪಾಲ್‌ಗೆ ಬಂದವಳು ನಾನು. ಬೇಸಿಗೆ ರಜೆಯಲ್ಲಿ ಒಂದು ಸಭೆಯಲ್ಲಿ ಕೆಲಸ ಕಲಿಯಬೇಕು ಅಂತ ಇಲ್ಲಿಗೆ ಕಳಿಸಿದರು. ಜೂನ್‌ನಲ್ಲಿ ಮಕ್ಕಳ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ) ಆಯಿತು. ನಮ್ಮಲ್ಲಿ ಅದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಡೆಯುತ್ತದೆ, ಇಲ್ಲಿ ಶಾಲೆ ಬಿಡುವುದೇ ಮೇ ಕೊನೆ, ಜೂನ್ ಹೊತ್ತಿಗೆ. ಈ ಕೌಂಟಿಯಲ್ಲಿ ಸಾವಿರಕ್ಕೂ ಜಾಸ್ತಿ ಕೆರೆಗಳಿವೆ. ಶನಿವಾರ, ಭಾನುವಾರ ಅರ್ಧ ಸಭೆ ಕೆರೆಯ ಪಕ್ಕದ ಮನೆಗಳಿಗೆ ಹೋಗಿಬಿಡುತ್ತದೆ. ಅವರಿಗಾಗಿ ಬುಧವಾರ ಸಂಜೆ ಬಯಲಿನಲ್ಲಿ ಒಂದು ಆರಾಧನೆ. ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಸೊಳ್ಳೆಗಳೂ ಇರುತ್ತವೆ.

ಗುರುವಾರ ಮನೆ ಭೇಟಿ. ಹೊರಗೆ ಬರಲಾಗದ ಹಿರಿಯರಿಗೆ ಭಾನುವಾರದ ಕರ್ತನ ಭೋಜನದ (ಯೇಸುಸ್ವಾಮಿಯ ಕೊನೆಯ ಊಟದ ನೆನಪಿನ ಸಂಸ್ಕಾರದ) ರೊಟ್ಟಿ, ದ್ರಾಕ್ಷಾರಸ ಒಯ್ದು ಕೊಡುತ್ತೇನೆ. ನನಗಿನ್ನೂ ಪಾಸ್ಟರ್ ದೀಕ್ಷೆ ಆಗಿಲ್ಲ. ಹಾಗಾಗಿ ಬಲಿಪೀಠದಲ್ಲಿ ನಿಂತು ಆ ಸಂಸ್ಕಾರ ನಡೆಸುವ ಹಾಗಿಲ್ಲ, ಹೆಗಲಿಗೆ ಪಾಸ್ಟರರ ಪಟ್ಟಿವಸ್ತ್ರ 'ಸ್ಟೋಲ್' ಹಾಕುವ ಹಾಗೂ ಇಲ್ಲ. ಬರೇ ಬಿಳಿ ನಿಲುವಂಗಿ. ಇಲ್ಲಿನ ಪಾಸ್ಟರ್ ಹೆಣ್ಣುಮಗಳೇ. ಅಮೆರಿಕದ ಕೆಲವು ಲೂಥರನ್ ಪಂಗಡಗಳು ಹೆಂಗಸರಿಗೆ ದೀಕ್ಷೆ ಕೊಡಲು ಶುರು ಮಾಡಿದ್ದು 1970ರಲ್ಲಿ.

ಮೊದಮೊದಲು ಎಲ್ಲರಿಗೂ ನಾನು 'ಇಂಡಿಯಾದ ಹುಡುಗಿ', ಅತಿಥಿ. ತಟ್ಟೆ ಎತ್ತಲೂ ಬಿಡುತ್ತಿರಲಿಲ್ಲ. ನಿಮ್ಮ ಕಡೆ ಕ್ರೈಸ್ತರು ಈಗ ಹೊಸದಾಗಿ ಆಗ್ತಾ ಇದ್ದಾರಾ ಅಂತ ಪ್ರೀತಿಯಿಂದಲೇ ಕೇಳುವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಅದಾಗಿ ಕೆಲವೇ ವರ್ಷಕ್ಕೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂದರು ಅಂತ ಒಂದು ಬೈಬಲ್ ಅಧ್ಯಯನದಲ್ಲಿ ಹೇಳಿದೆ. ಮಿನ್ನೆಸೋಟಾ ಒಂದು ರಾಜ್ಯವಾದದ್ದೇ 1858ರಲ್ಲಿ. ನಮ್ಮದು ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಲೂಥರನ್ ಅಲ್ಲ. ಆದರೆ ಆಗ ಬಂದವರಲ್ಲಿ ಹಲವರು ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ನರು, ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್ ಕೂಡ. ಅವತ್ತಿನಿಂದ ಪ್ರಶ್ನೆಗಳು ಬದಲಾದವು. ನಿಮ್ಮ ಸಭೆಯಲ್ಲಿ ಅಂತ್ಯಕ್ರಿಯೆಗೆ ಅಡುಗೆ ಯಾರು ಮಾಡ್ತಾರೆ ಅಂತ ಒಬ್ಬರು ಕೇಳಿದರು. ಎಂಥ ಒಳ್ಳೆಯ ಪ್ರಶ್ನೆ ಅಲ್ವಾ! ಅದಾದ ಮೇಲೆ ಕೈಗೆ ಏಪ್ರನ್ ಸಿಕ್ಕಿತು.

ಮಂಗಳವಾರ ಬೆಳಿಗ್ಗೆ ಕ್ವಿಲ್ಟ್ ಹೊಲಿಯುವ ಕೂಟ. ಹಳೇ ಬಟ್ಟೆಯ ಚೌಕಗಳನ್ನು ಜೋಡಿಸಿ, ನಡುವೆ ಒಂದು ಪದರ ತುಂಬಿ, ಅಗಲ 60 ಇಂಚು, ಉದ್ದ 80 ಇಂಚು ಬರುವ ಹಾಗೆ ಮಾಡುತ್ತಾರೆ. ಲೂಥರನ್ ವರ್ಲ್ಡ್ ರಿಲೀಫ್ ಅನ್ನುವ ನೆರವಿನ ಸಂಸ್ಥೆ ಅವನ್ನು ಬೇರೆ ಬೇರೆ ದೇಶದ ನಿರಾಶ್ರಿತರಿಗೆ ತಲುಪಿಸುತ್ತದೆ. ನೋಡಿದ ಕೂಡಲೇ ನಮ್ಮ ಕೌದಿ ಅನ್ನಿಸಿತು. ಫೋಟೋ ಕಳಿಸಿದರೆ ಅವ್ವ ಫೋನಿನಲ್ಲಿ, "ಇದಕ್ಕ ಹೊಲಿಗಿ ಎಲ್ಲೈತಿ? ಬರೇ ಗಂಟು ಹಾಕ್ಯಾರಲ್ಲ!" ಅಂದಳು. ಅವಳು ಹೇಳಿದ್ದು ಸರಿ. ಕೌದಿಗೆ ಉದ್ದಕ್ಕೂ ಸಾಲು ಸಾಲು ಹೊಲಿಗೆ, ಇಲ್ಲಿ ಅಲ್ಲಲ್ಲಿ ದಾರದ ಗಂಟು. ಬೇಗ ಮುಗಿಯುತ್ತದೆ, ಜಾಸ್ತಿ ಜನಕ್ಕೆ ಮುಟ್ಟುತ್ತದೆ.

ಇವತ್ತು ಪ್ರಸಂಗಪೀಠದಿಂದ ನಾನು ಹೇಳಿದ್ದು ಇಷ್ಟು. ಕಳೆದ ಭಾನುವಾರದ ಪಾಠ ಒಳ್ಳೆಯ ಸಮಾರ್ಯದವನದು, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದವನ ಕಥೆ. ಅದರ ಕೊನೆಯಲ್ಲಿ ಯೇಸುಸ್ವಾಮಿ 'ಹೋಗಿ ನೀನೂ ಹಾಗೆಯೇ ಮಾಡು' ಅನ್ನುತ್ತಾರೆ. ಅಲ್ಲಿಂದ ನೇರ ಮಾರ್ಥಳ ಮನೆಗೆ. ಕೈಯಾರೆ ಮಾಡು ಅಂದವರು ಮರುಗಳಿಗೆಯಲ್ಲೇ ಕೆಲಸವನ್ನು ಹೀನ ಮಾಡುತ್ತಾರಾ? ಮಗುವಿನ ಬಟ್ಟೆ ಒಗೆಯುವ ಅಪ್ಪನನ್ನು ಜನ ಆಡಿಕೊಳ್ಳಬಹುದು, ಆದರೆ ದೇವರು ದೂತರ ಜೊತೆ ಅವನನ್ನು ನೋಡಿ ಸಂತೋಷದಿಂದ ನಗುತ್ತಾರೆ ಅಂತ ಲೂಥರ್ 1522ರ ಒಂದು ಬರಹದಲ್ಲಿ ಹೇಳಿದ್ದಾರೆ. ಯೋಹಾನನ ಸುವಾರ್ತೆಯಲ್ಲಿ, ತಮ್ಮ ಲಾಜರನನ್ನು ಮಣ್ಣು ಮಾಡಿದ ದುಃಖದಲ್ಲೂ 'ನೀನೇ ಕ್ರಿಸ್ತ' ಅಂತ ಬಾಯಿಬಿಟ್ಟು ಹೇಳಿದವಳು ಇದೇ ಮಾರ್ಥ. ಅವಳಿಗೆ ನಂಬಿಕೆ ಕಮ್ಮಿ ಇರಲಿಲ್ಲ. ಅವಳ ದೂರು ಒಂದೇ: ನನ್ನೊಬ್ಬಳನ್ನೇ ಬಿಟ್ಟಿದ್ದಾರೆ. ಹಾಗಾದರೆ ಮಾರ್ಥ ಬಂದು ಕೂರಬೇಕು ಅಂತ ನಮಗೆ ನಿಜವಾಗಿ ಆಸೆ ಇದ್ದರೆ ಅವಳ ಕೈಯ ಸೌಟು ಯಾರಾದರೂ ತಗೋಬೇಕು. ಮುಂದಿನ ಅಂತ್ಯಕ್ರಿಯೆಯಲ್ಲಿ ಆ ಗುಂಪಿನವರೆಲ್ಲ ಮೇಲೆ ಬಂದು ಬೆಂಚಿನಲ್ಲಿ ಕೂರಲಿ, ಕೆಳಗೆ ಬೇರೆಯವರು ನಿಲ್ಲಲಿ ಅಂದೆ.

ಆರಾಧನೆ ಆದ ಮೇಲೆ ಬಾಗಿಲ ಹತ್ತಿರ ಒಬ್ಬ ಹಿರಿಯ ರೈತರು ಕೈ ಹಿಡಿದು, "ಬನ್ನಿಗೆ ಬೆಣ್ಣೆ ಸವರೋಕೆ ನನಗೂ ಬರುತ್ತೆ, ಹೆಸರು ಬರಕೋ" ಅಂದರು. ಇನ್ನೂ ಮೂರ್ನಾಲ್ಕು ಗಂಡಸರು ಹೇಳಿದರು. ಖುಷಿಯಾಯಿತು.

ಆದರೆ ಶುಕ್ರವಾರ ನನ್ನ ಪಕ್ಕ ನಿಂತು ಕಾಫಿ ಕಲಿಸಿದ ಅಜ್ಜಿ ಒಪ್ಪಲಿಲ್ಲ. "ನಿನ್ನ ಮಾತು ಚೆನ್ನಾಗಿತ್ತು ಮಗಳೇ. ಆದರೆ ಅವಳಿಗೆ ಕೊನೆಯದಾಗಿ ನಾನು ಮಾಡಬಹುದಾಗಿದ್ದು ಆ ಕಾಫಿ ಒಂದೇ. ಬೆಂಚಿನಲ್ಲಿ ಕೂತಿದ್ದರೆ ನನಗೆ ಅಳು ಮಾತ್ರ ಬರ್ತಿತ್ತು. ನನ್ನ ಕೆಲಸ ಕಸಿದುಕೋಬೇಡ" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವರು ಹೇಳಿದ್ದರಲ್ಲಿ ನಿಜ ಇದೆ. ಅದೇ ಗುಂಪಿನ ಇನ್ನೊಬ್ಬರು ಸುಮ್ನೆ ನನ್ನ ಭುಜ ಒತ್ತಿ, "ನಾನು ಮಾತ್ರ ಮೇಲೆ ಕೂರ್ತೀನಿ, ನನ್ನ ಕಾಲು ನೋಯುತ್ತೆ" ಅಂದದ್ದೂ ಅಷ್ಟೇ ನಿಜ.

ಪಾಸ್ಟರ್ ಈ ವಿಷಯ ಸಭೆಯ ಕಮಿಟಿಗೆ ತರುತ್ತೇನೆ ಅಂದಿದ್ದಾರೆ. ಅದಕ್ಕೂ ಮೊದಲು ಮಂಗಳವಾರ ಗಂಟು ಹಾಕುತ್ತಾ ಕೂತಾಗ ಆ ಹೆಂಗಸರನ್ನೇ ಒಬ್ಬೊಬ್ಬರನ್ನಾಗಿ ಕೇಳುತ್ತೇನೆ. ಕೂರಬೇಕು ಅನ್ನುವವರು ಕೂರಲಿ, ನಿಲ್ಲಬೇಕು ಅನ್ನುವವರು ನಿಲ್ಲಲಿ. ಮುಂದಿನ ವಾರ ಪಾಸ್ಟರ್ ರಜೆ. ಕರ್ತನ ಭೋಜನದ ಸಂಸ್ಕಾರಕ್ಕೆ ಪಕ್ಕದೂರಿನ ನಿವೃತ್ತ ಪಾಸ್ಟರ್ ಬರುತ್ತಾರೆ, ಪ್ರಸಂಗ ಮತ್ತೆ ನನ್ನದೇ. ನಾಳೆ ಬೆಳಿಗ್ಗೆಯಿಂದ ಓದಲು ಕೂರಬೇಕು.