ಬರಿಷ್ನಿಕೋವ್ ಡಾಲರ್ ಆಸೆಗೆ ಓಡಿ ಹೋದ್ನಾ?

ನಂಗೆ ಬ್ಯಾಲೆ ಹುಚ್ಚು ಅಂತ ಗೊತ್ತಿರೋರು ಒಂದಲ್ಲ ಒಂದಿನ ಇದನ್ನ ಕೇಳೇ ಕೇಳ್ತಾರೆ: ಮಿಖಾಯಿಲ್ ಬರಿಷ್ನಿಕೋವ್ ರಷ್ಯಾದಲ್ಲಿ ಅಷ್ಟು ದೊಡ್ಡ ಸ್ಟಾರ್ ಆಗಿದ್ನಲ್ಲ, ಮತ್ಯಾಕೆ ಅಮೆರಿಕಾಗೆ ಹೋದ, ದುಡ್ಡಿಗಾ? ನಮ್ಮಲ್ಲಿ ಅಮೆರಿಕಾ ಅಂದ್ರೆ ಮೊದ್ಲು ಸಂಬಳಾನೇ ನೆನಪಾಗೋದು, ಹಾಗಾಗಿ ಕೇಳೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ನಾನು ಹೇಳೋದು, ಅವನು ಹೋಗಿದ್ದು ಹೊಸ ಪಾತ್ರಗಳಿಗೆ.

ಲೆನಿನ್‌ಗ್ರಾಡ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಕಿರೋವ್ ಬ್ಯಾಲೆ ಕಂಪನಿಗೆ 1967ರಲ್ಲಿ ಸೇರಿದಾಗ್ಲೇ ಅವನನ್ನ ಗುಂಪಲ್ಲಿ ಕುಣಿಸ್ದೆ ನೇರವಾಗಿ ಸೋಲೋ ಕೊಟ್ಟಿದ್ರು. ಆದ್ರೆ ಅಲ್ಲಿ ಕುಣಿಯೋದು ಏನನ್ನ? ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದ ಬ್ಯಾಲೆಗಳು, ಇಲ್ಲಾಂದ್ರೆ ಮೇಲಿನವರು ಒಪ್ಪಿದ ಸೋವಿಯತ್ ಬ್ಯಾಲೆಗಳು. ಪಶ್ಚಿಮದಲ್ಲಿ ಯಾರೋ ಹೊಸದಾಗಿ ಕಟ್ಟಿದ್ದು ಇವನ ಕೈಗೆ ಸಿಗೋ ಹಾಗೇ ಇರ್ಲಿಲ್ಲ. ಅದ್ರ ಮೇಲೆ ಆಳು ಕುಳ್ಳ, ರಾಜಕುಮಾರನ ಪಾರ್ಟ್ ಅಂದ್ರೆ ಎತ್ತರದವರಿಗೆ ಅನ್ನೋ ಹಳೇ ಲೆಕ್ಕ ಬೇರೆ. ಇವನ ಗುರು ಅಲೆಕ್ಸಾಂಡರ್ ಪುಷ್ಕಿನ್ (ಕವಿ ಅಲ್ಲ ಮಾರಾಯ್ರೆ, ಬ್ಯಾಲೆ ಮೇಷ್ಟ್ರು) ಹತ್ರಾನೇ ಕಲಿತಿದ್ದ ಡ್ಯಾನ್ಸರ್ ನುರಯೇವ್ 1961ರಲ್ಲಿ ಕಂಪನಿ ಟೂರ್‌ಗೆ ಹೋದವನು ವಾಪಸ್ ಬರ್ದೆ ಪ್ಯಾರಿಸ್ಸಲ್ಲೇ ಉಳ್ಕೊಂಡ, 1970ರಲ್ಲಿ ಕಿರೋವ್‌ನ ಡ್ಯಾನ್ಸರ್ ನತಾಲಿಯಾ ಮಕರೋವಾ ಹಾಗೇ ಲಂಡನ್ನಲ್ಲಿ ಉಳ್ಕೊಂಡ್ಲು, ಹಿಂದೆ ಉಳಿದವರ ಮೇಲೆ ಕಣ್ಣಿಡೋದು ಜಾಸ್ತಿ ಆಯ್ತು.

1974ರಲ್ಲಿ ಕೆನಡಾ ಟೂರ್‌ಗೆ ಹೋಗಿದ್ದಾಗ, ಜೂನ್ 29ಕ್ಕೆ ಟೊರಾಂಟೋದಲ್ಲಿ ಶೋ ಮುಗಿಸಿ ಆಚೆ ಬಂದವನು, ಆಟೋಗ್ರಾಫ್‌ಗೆ ನಿಂತಿದ್ದ ಜನರನ್ನ ದಾಟಿ ಓಡಿ, ಸ್ನೇಹಿತರು ನಿಲ್ಸಿದ್ದ ಕಾರು ಹತ್ತಿಬಿಟ್ಟ, ಸೋವಿಯತ್‌ಗೆ ವಾಪಸ್ ಹೋಗ್ಲಿಲ್ಲ. ಒಂದೇ ತಿಂಗಳಲ್ಲಿ ನ್ಯೂಯಾರ್ಕಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್ ಜೊತೆ, ಅದೇ ಮಕರೋವಾ ಎದುರಿಗೆ ‘ಜಿಸೆಲ್’ ಮಾಡಿದ. ಅಲ್ಲಿಂದ ಮುಂದೆ ಆಲ್ವಿನ್ ಏಲಿ, ಟ್ವೈಲಾ ಥಾರ್ಪ್, ಗ್ಲೆನ್ ಟೆಟ್ಲಿ, ಹೀಗೆ ಹೊಸ ನೃತ್ಯ ಕಟ್ಟೋರು ಯಾರು ಕರೆದ್ರೂ ಹೋಗಿ ಕುಣಿದ. ಥಾರ್ಪ್ ಅಂತೂ 1976ರಲ್ಲಿ ತಲೆಗೆ ಹ್ಯಾಟ್ ಹಾಕ್ಸಿ, ಕ್ಲಾಸಿಕಲ್ ಶಿಸ್ತಿನ ಮೈಯನ್ನ ಬೇಕಂತಲೇ ಸಡಿಲ ಬಿಡ್ಸಿ, ಜನರನ್ನ ನಗಿಸಿಬಿಟ್ಲು.

ದುಡ್ಡಿಗೆ ಅನ್ನೋರಿಗೆ ನಾನು ತೋರ್ಸೋದು 1978. ಸ್ಟಾರ್ ಪಟ್ಟ, ದೊಡ್ಡ ಸಂಭಾವನೆ ಎಲ್ಲ ಬಿಟ್ಟು ನೃತ್ಯ ಕಟ್ಟೋ ಜಾರ್ಜ್ ಬ್ಯಾಲಂಚೀನ್‌ನ ಕಂಪನಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಸೇರಿದ. ಅಲ್ಲಿ ಸ್ಟಾರ್ ಪದ್ಧತೀನೇ ಇಲ್ಲ, ಹೆಸರುಗಳನ್ನ ಅಕ್ಷರದ ಕ್ರಮದಲ್ಲಿ ಹಾಕ್ತಿದ್ರು, ಸಂಬಳಾನೂ ಗಣನೀಯವಾಗಿ ಕಮ್ಮಿ. ಡಾಲರ್ ಆಸೆ ಇದ್ದೋನು ಹೀಗೆ ಮಾಡ್ತಾನಾ? ಬ್ಯಾಲಂಚೀನ್ ಕೂಡ ಇವನು ಕಲಿತ ಅದೇ ಪೀಟರ್ಸ್‌ಬರ್ಗ್ ಬ್ಯಾಲೆ ಶಾಲೆಯವನು, 1924ರಲ್ಲೇ ಊರು ಬಿಟ್ಟವನು. ಅವನ ಬ್ಯಾಲೆಗಳ ಹೆಜ್ಜೆಗಳು ಮಾತ್ರ ವಿಪರೀತ ಸ್ಪೀಡು, ಮೂವತ್ತು ವರ್ಷದ ದೇಹ ಮತ್ತೆ ಹೊಸದಾಗಿ ಕಲೀಬೇಕು, ಅಲ್ಲಿದ್ದ ಒಂದೂಕಾಲು ವರ್ಷ ಪೂರ್ತಿ ನೋವು ಇದ್ದೇ ಇತ್ತು.

ವಿಚಿತ್ರ ಅಂದ್ರೆ ಯಾರನ್ನ ನಂಬ್ಕೊಂಡು ಹೋದ್ನೋ ಆ ಬ್ಯಾಲಂಚೀನ್‌ಗೆ ಆಗ ಹಾರ್ಟ್ ತೊಂದ್ರೆ, ಇವನಿಗಂತ ಒಂದೂ ಹೊಸ ಬ್ಯಾಲೆ ಕಟ್ಲಿಲ್ಲ. ಕಟ್ಟಿದ್ದು ಅದೇ ಕಂಪನಿಯ ಜೆರೋಮ್ ರಾಬಿನ್ಸ್, 1979ರಲ್ಲಿ, ‘ಓಪಸ್ 19’ ಅನ್ನೋ ಬ್ಯಾಲೆ. ಇವನ ನೆಗೆತದ ವಿಡಿಯೋಗಳನ್ನೇ ಎಲ್ಲರೂ ಕಳಿಸ್ತಿರ್ತಾರೆ, ನಂಗೆ ಈ ‘ಓಪಸ್ 19’ನೇ ಮೇಲು.