ಚೋಕ್ ಹಾಕಿದರೆ ಮಾತ್ರ ಓಡುತ್ತಿದ್ದ ಬ್ರಷ್ ಕಟರ್

ಶನಿವಾರ

ಆಳಂದ ಕಡೆಯ ನಮ್ಮ ಹೊಲದಲ್ಲಿ ತೊಗರಿ ಒಡ್ಡಿನ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿದೆ. ಹುಲ್ಲು ಕತ್ತರಿಸುವ ಟೂ ಸ್ಟ್ರೋಕ್ ಬ್ರಷ್ ಕಟರ್ ಚೋಕ್ ಹಾಕಿದರೆ ಶುರುವಾಗುತ್ತದೆ, ತೆಗೆದ ಕೂಡಲೇ ಬಂದ್. ಬೇಸಿಗೆ ಪೂರ್ತಿ ಪೆಟ್ರೋಲ್ ಸಮೇತ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಮಷಿನ್ ಇದು.

ಪಕ್ಕದ ಹೊಲದ ಕಾಕಾ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಪ್ರಮಾಣ ಹೊಂದಿಸುವ ಸ್ಕ್ರೂ ತೋರಿಸಿ, "ಸ್ಕ್ರೂ ಒಂದೀಟು ತಿರುವಿ ನೋಡು" ಅಂದರು. "ಈಗ ಬ್ಯಾಡ್ರಿ ಕಾಕಾ" ಅಂದೆ. ಹೋದ ವರ್ಷ ಇದೇ ಸೆಟ್ಟಿಂಗ್‌ನಲ್ಲಿ ಚೆನ್ನಾಗಿ ಓಡಿದೆ. ನಿಂತಲ್ಲೇ ನಿಂತ ಮಷಿನ್‌ನಲ್ಲಿ ಸ್ಕ್ರೂ ತಾನಾಗೇ ತಿರುಗುವುದಿಲ್ಲ ಅಲ್ವಾ? ಚೋಕ್ ಹಾಕಿದಾಗ ಗಾಳಿ ಕಡಿಮೆಯಾಗಿ ಪೆಟ್ರೋಲ್ ಎಳೆತ ಜಾಸ್ತಿಯಾಗುತ್ತದೆ. ಆಗ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ನುಗ್ಗುತ್ತಿದೆ. ಹಾಗಾಗಿ ಟ್ಯಾಂಕಿನಿಂದಲೇ ಹುಡುಕಲು ಶುರು ಮಾಡಿದೆ.

ಹಳೆ ಪೆಟ್ರೋಲ್ ಹುಳಿ ವಾಸನೆ ಹೊಡೆಯುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ರಬ್ಬರಿಗೂ ಒಳ್ಳೆಯದಲ್ಲ. ಟ್ಯಾಂಕಿನ ಫಿಲ್ಟರ್ ಬದಲಿಸಿದೆ. ಪೈಪು, ಪ್ಲಗ್, ಏರ್ ಫಿಲ್ಟರ್ ಎಲ್ಲ ಸರಿ ಇವೆ. ಆದರೂ ಅದೇ ಕಥೆ.

ರವಿವಾರ

ಬಿಳಿ ಬಟ್ಟೆ ಹಾಸಿಕೊಂಡು ಕಾರ್ಬೊರೇಟರ್ ಬಿಚ್ಚಿದೆ. ಒಳಗಿನ ಸ್ಪ್ರಿಂಗ್ ಅಷ್ಟು ಸಣ್ಣದು, ಬಿದ್ದರೆ ಸಿಗುವುದಿಲ್ಲ. ಬೈಕಿನ ಕಾರ್ಬೊರೇಟರಿನಲ್ಲಿರುವ ಹಾಗೆ ಇದರಲ್ಲಿ ಪೆಟ್ರೋಲ್ ಮೇಲೆ ತೇಲುತ್ತಾ ಮಟ್ಟ ಕಾಯುವ ಫ್ಲೋಟ್ ಇಲ್ಲ. ಮಷಿನ್ ಹೇಗೆ ವಾಲಿಸಿದರೂ ಓಡಬೇಕಲ್ಲ, ಅದಕ್ಕೇ ಎರಡು ಡಯಾಫ್ರಾಮ್, ಅಂದರೆ ತೆಳು ಪೊರೆಗಳು. ಒಂದು ಎಂಜಿನ್ ಒತ್ತಡದ ಏರಿಳಿತಕ್ಕೆ ಬಡಿಯುತ್ತಾ ಪೆಟ್ರೋಲ್ ಪಂಪ್ ಮಾಡುತ್ತದೆ. ಇನ್ನೊಂದು ಸಣ್ಣ ಲಿವರ್ ಒತ್ತಿ, ಸೂಜಿ ತೆರೆದು, ಬೇಕಾದಷ್ಟೇ ಒಳಗೆ ಬಿಡುತ್ತದೆ.

ಪಂಪ್ ಕಡೆಯ ಮುಚ್ಚಳ ತೆಗೆದರೆ ಒಂದು ಪುಟ್ಟ ಜಾಲರಿ. ಬೆಳಕಿಗೆ ಹಿಡಿದಾಗ ಅರ್ಧಕ್ಕರ್ಧ ಕಂದು ಅಂಟು ಕಟ್ಟಿತ್ತು. ಲಿವರ್ ಕಡೆಯ ಡಯಾಫ್ರಾಮ್ ಬೆರಳಿಂದ ಒತ್ತಿದರೆ ಮೆತ್ತಗೆ ಬಾಗಬೇಕು. ಇದು ಹಪ್ಪಳದ ಹಾಗೆ ಬಿರುಸಾಗಿತ್ತು. ಹೀಗಾದರೆ ಲಿವರ್ ಸರಿಯಾಗಿ ಒತ್ತುವುದಿಲ್ಲ, ಸೂಜಿ ಪೂರ್ತಿ ತೆರೆಯುವುದಿಲ್ಲ. ಕಾರಣ ಕೈಗೇ ಸಿಕ್ಕಿತು!

ಬುಧವಾರ

ಕಲಬುರಗಿಗೆ ಹೋಗಿ ಡಯಾಫ್ರಾಮ್ ಕಿಟ್ ತಂದೆ. ಮಷಿನ್ ಹೆಸರು ಹೇಳಿದರೆ ಸಾಲದು, ಕಾರ್ಬೊರೇಟರ್ ಮೇಲಿನ ನಂಬರ್ ಬರೆದುಕೊಂಡು ಹೋಗಬೇಕು.

ಹೊಸ ರಬ್ಬರ್ ಹಾಕುವ ಮುಂಚೆ ತೂತುಗಳಿಗೆ ಕ್ಲೀನರ್ ಸ್ಪ್ರೇ ಹೊಡೆದೆ. ತಂತಿ ತೂರಿಸಲಿಲ್ಲ. ತೂತು ಒಂಚೂರು ದೊಡ್ಡದಾದರೂ ಅಳತೆ ಕೆಡುತ್ತದೆ. ನನ್ನ ಕಾರ್ಬೊರೇಟರಿನಲ್ಲಿ ಪಂಪ್ ಕಡೆ ಮೊದಲು ಡಯಾಫ್ರಾಮ್, ಅದರ ಮೇಲೆ ಸೋರದಂತೆ ತಡೆಯುವ ತೆಳು ಹಾಳೆ, ಗ್ಯಾಸ್ಕೆಟ್. ಲಿವರ್ ಕಡೆ ಉಲ್ಟಾ.

ತಾಜಾ ಪೆಟ್ರೋಲಿಗೆ ಲೀಟರಿಗೆ 20 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಸೇರಿಸಿದೆ. ನಮ್ಮ ಮಷಿನ್ನಿಗೆ 50:1, ಅಂದರೆ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. ಕೆಲವಕ್ಕೆ 25:1 ಬೇಕು, ಅಂದರೆ 40 ಎಂಎಲ್. ಪೆಟ್ರೋಲ್ ಎಳೆಯುವ ಪ್ರೈಮರ್ ಬಲ್ಬ್ ಒತ್ತಿ ಹಗ್ಗ ಎಳೆದೆ. ಶುರುವಾಯಿತು. ಚೋಕ್ ತೆಗೆದೆ, ಓಡುತ್ತಲೇ ಇತ್ತು. ಎಷ್ಟು ಖುಷಿ ಅಂತೀರಿ!

ಒಂದು ಬಾಕಿ ಇದೆ. ಆಕ್ಸಿಲರೇಟರ್ ಗಕ್ಕನೆ ಒತ್ತಿದರೆ ಸ್ವಲ್ಪ ತಡವರಿಸುತ್ತದೆ. ಈಗ ಸ್ಕ್ರೂ ಮುಟ್ಟಬಹುದು. ಎಂಜಿನ್ ಬಿಸಿಯಾದ ಮೇಲೆ ನಿಧಾನ ವೇಗದ ಪೆಟ್ರೋಲ್ ಹೊಂದಿಸುವ 'ಎಲ್' ಸ್ಕ್ರೂ ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ ನೋಡುತ್ತೇನೆ. ಜೋರು ವೇಗದ 'ಎಚ್' ಸ್ಕ್ರೂ ತಂಟೆಗೆ ಹೋಗುವುದಿಲ್ಲ. ಟೂ ಸ್ಟ್ರೋಕ್‌ಗೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. 'ಎಚ್' ಸ್ಕ್ರೂ ಜಾಸ್ತಿ ಬಿಗಿ ಮಾಡಿದರೆ ಎರಡೂ ಸಾಲದೆ ಪಿಸ್ಟನ್ ಬಿಸಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ.