‘ಕಂಪನಿಗಳ ಜಗಳದಾಗ ನಿನಗೇನು ಕೆಲಸ?’

ಧಾರವಾಡದಲ್ಲಿ ಬಿ.ಫಾರ್ಮ್ ಓದಿದೆ, ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಬಿ ಮಾಡಿದೆ. ಈಗ ಔಷಧಿ ಪೇಟೆಂಟ್ ಕೇಸುಗಳ ಕೆಲಸ. ಪೇಟೆಂಟ್ ಅಂದರೆ ಕಂಡುಹಿಡಿದವರನ್ನು ಬಿಟ್ಟು ಬೇರೆ ಯಾರೂ ಅದನ್ನು ಮಾಡಿ ಮಾರದಂತೆ ಇಷ್ಟು ವರ್ಷ ಅಂತ ಸಿಗುವ ಹಕ್ಕು. ನಾನು ಹೆಚ್ಚಾಗಿ ಜೆನೆರಿಕ್, ಅಂದರೆ ಅದೇ ಔಷಧಿಯನ್ನು ಕಡಿಮೆ ದರಕ್ಕೆ, ತಯಾರಿಸುವವರ ಪರ. ಇಷ್ಟು ಹೇಳಿದರೆ ಸಾಕು, ಮೇಲಿನ ಪ್ರಶ್ನೆ ಬಂದೇ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಗದಗದ ಒಂದು ಮದುವೆಯಲ್ಲಿ ದೂರದ ಸಂಬಂಧದ ಕಾಕಾ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. “ಅಲ್ಲವಾ ತಂಗಿ, ಒಂದು ಮೆಡಿಕಲ್ ಇಟ್ಟಿದ್ದರ ನಾಕು ಮಂದೀಗೆ ಉಪಯೋಗ ಆಗ್ತಿತ್ತು. ದೊಡ್ಡವರ ಜಗಳ ಯಾರಿಗೆ ಬೇಕು?” ಅಂದರು. ಹೋಳಿಗೆ ಬರುವ ಮೊದಲು ಕಿಸೆಯಿಂದ ಶುಗರ್ ಗುಳಿಗೆ ತೆಗೆದರು. ಸಿಟಾಗ್ಲಿಪ್ಟಿನ್! ಅದರ ಮೇಲೆ ದಿಲ್ಲಿ ಹೈಕೋರ್ಟಿನಲ್ಲಿ ಪೇಟೆಂಟ್ ಇದ್ದ ಮರ್ಕ್ ಮತ್ತು ಜೆನೆರಿಕ್ ಮಾರಲು ಹೊರಟ ಗ್ಲೆನ್‌ಮಾರ್ಕ್ ವರ್ಷಗಟ್ಟಲೆ ಬಡಿದಾಡಿದ್ದವು. 2015ರಲ್ಲಿ ಗ್ಲೆನ್‌ಮಾರ್ಕ್ ಸೋತಿತು. 2022ರ ಜುಲೈನಲ್ಲಿ ಪೇಟೆಂಟ್ ಮುಗಿದ ಮೇಲೆ ಹಲವು ಕಂಪನಿಗಳು ಅದನ್ನು ಮಾರತೊಡಗಿದವು, ದರ ಇಳಿಯಿತು. ಕಾಕಾ, ಜಗಳ ನಿಮ್ಮ ಕಿಸೆಯಲ್ಲೇ ಇತ್ತು.

ಬೇಯರ್‌ನ ಕ್ಯಾನ್ಸರ್ ಔಷಧಿ ನೆಕ್ಸಾವಾರ್ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇತ್ತು. 2012ರಲ್ಲಿ ನಮ್ಮ ದೇಶದ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಲೈಸೆನ್ಸ್, ಅಂದರೆ ಪೇಟೆಂಟ್ ಇದ್ದವರು ಒಪ್ಪದಿದ್ದರೂ ಆ ಔಷಧಿ ಮಾಡಲು ಸರ್ಕಾರದ ಅನುಮತಿ, ಸಿಕ್ಕಿತು. ಅದೇ ಔಷಧಿ ತಿಂಗಳಿಗೆ 8,880 ರೂಪಾಯಿಗೆ ಬಂತು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಹೊರಗೆ ಚೀಟಿ ಹಿಡಿದು ನಿಂತವರಿಗೆ ಈ ವ್ಯತ್ಯಾಸ ಏನು ಅಂತ ನಾನು ಬಿಡಿಸಿ ಹೇಳಬೇಕಾ?

ಹೊಸ ಔಷಧಿ ಕಂಡುಹಿಡಿದವರಿಗೆ 20 ವರ್ಷದ ಪೇಟೆಂಟ್ ಸಿಗಲಿ, ನನ್ನ ತಕರಾರಿಲ್ಲ. ಅದೇ ಔಷಧಿಯ ರಾಸಾಯನಿಕ ಉಪ್ಪು (ಸಾಲ್ಟ್) ಬದಲಿಸಿ, ಹರಳಿನ ರೂಪ ಬದಲಿಸಿ ಇನ್ನೊಂದು ಪೇಟೆಂಟ್ ಕೇಳುತ್ತಾರಲ್ಲ, ಸಿಟ್ಟು ಬರುವುದು ಅಲ್ಲಿ. ರೋಗಿಗೆ ಗುಣ ಜಾಸ್ತಿ ಆಗುತ್ತದೆ ಅಂತ ತೋರಿಸಿದರೆ ಮಾತ್ರ ಕೊಡಬೇಕು ಅನ್ನುತ್ತದೆ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಂ. 2013ರಲ್ಲಿ ಸುಪ್ರೀಂ ಕೋರ್ಟ್ ರಕ್ತದ ಕ್ಯಾನ್ಸರ್ ಔಷಧಿ ಗ್ಲಿವೆಕ್ ಕೇಸಿನಲ್ಲಿ ನೊವಾರ್ಟಿಸ್‌ಗೆ ಇಲ್ಲ ಅಂದದ್ದು ಇದರ ಮೇಲೆಯೇ. ದೇಹ ಔಷಧಿಯನ್ನು ಶೇ. 30 ಜಾಸ್ತಿ ಹೀರಿಕೊಳ್ಳುತ್ತದೆ ಎಂಬ ವಾದ ಅಲ್ಲಿ ಸಾಕಾಗಲಿಲ್ಲ. ಈ ವಾದ ತೂಗಲು ಫಾರ್ಮಸಿ ಓದಿದವರು ಬೇಕೇ ಬೇಕು. ನನ್ನ ಡಿಗ್ರಿ ವ್ಯರ್ಥ ಆಗಿಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಇಂಥ ಪೇಟೆಂಟನ್ನು ನಾವೂ ತಡೆಯಬಹುದಾ? ತಡೆಯಬಹುದು. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲು, ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಟಿಬಿ ಔಷಧಿ ಬೆಡಾಕ್ವಿಲಿನ್‌ಗೆ ಹಾಗೆ ಅಡ್ಡ ನಿಂತವರು ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಝಾ ಟಿಸಿಲೆ. ಇಬ್ಬರೂ ಟಿಬಿಯಿಂದ ಬದುಕಿ ಬಂದವರು. ಹಳೆಯ ಟಿಬಿ ಔಷಧಿಗಳಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಜಾನ್ಸನ್ ಆಂಡ್ ಜಾನ್ಸನ್ ಕಂಪನಿಯ ಅರ್ಜಿ ತಿರಸ್ಕರಿಸಿತು.

2024ರ ಹೊಸ ನಿಯಮದಲ್ಲಿ ಇಂಥ ಆಕ್ಷೇಪಣೆಗೆ ಶುಲ್ಕ ಹಾಕಿದ್ದಾರೆ. ಅದನ್ನು ವಿಚಾರಣೆಗೆ ತಗೋಬೇಕೋ ಬೇಡವೋ ಅಂತ ಕಚೇರಿ ಮೊದಲೇ ನೋಡುತ್ತದೆ. ಪೇಟೆಂಟ್ ಕೊಡುವ ಮೊದಲೇ ತಡೆಯಲು ರೋಗಿಗಳಿಗೆ ಇದ್ದದ್ದು ಇದೊಂದು ಬಾಗಿಲು. ಅದನ್ನು ಕಿರಿದು ಮಾಡಿದ್ದು ತಪ್ಪು. ಮುಂದಿನ ಮದುವೆಯಲ್ಲಿ ಇದರ ಬಗ್ಗೆ ಕೇಳಿ, ಊಟ ತಣ್ಣಗಾದರೂ ಪರವಾಗಿಲ್ಲ, ಕೂತು ಹೇಳುತ್ತೇನೆ.